ಹದಿನಾರು ದಾಟಿದ ಮೇಲೆ ಆಸ್ಪತ್ರೆಯ ದಾರಿ



ನಮ್ಮ ಊರುಗಳಲ್ಲಿ ಮಗು ಹುಟ್ಟಿದ ಕೂಡಲೇ ಅದರ ಹೆಸರು ಸರಕಾರದ ಪುಸ್ತಕಕ್ಕೆ ಏರುತ್ತದೆ. ಒಂದೂವರೆ ತಿಂಗಳಿಗೆ ಚುಚ್ಚುಮದ್ದು, ಒಂಬತ್ತು ತಿಂಗಳಿಗೆ ಇನ್ನೊಂದು, ಐದು ವರ್ಷಕ್ಕೆ ಮತ್ತೊಂದು. ಒಂದು ಸಲ ತಪ್ಪಿದರೆ ಆಶಾ ಕಾರ್ಯಕರ್ತೆ ಮನೆಯಂಗಳಕ್ಕೆ ಬಂದು ವಿಚಾರಿಸುತ್ತಾರೆ. 10 ವರ್ಷಕ್ಕೊಮ್ಮೆ, 16 ವರ್ಷಕ್ಕೊಮ್ಮೆ ಧನುರ್ವಾಯು ಮತ್ತು ಗಂಟಲಮಾರಿಗೆ ತಡೆಯಾಗಿ ಟಿ.ಡಿ. ಚುಚ್ಚುತ್ತಾರೆ. ಆಮೇಲೆ? ಆಮೇಲೆ ಆ ಪುಸ್ತಕ ಮುಚ್ಚಿದ ಹಾಗೆ. ಹುಡುಗಿಯ ಹೆಸರು ಮತ್ತೆ ಆಸ್ಪತ್ರೆಯ ದಾಖಲೆಯಲ್ಲಿ ಕಾಣಿಸುವುದು ಹೆಚ್ಚಾಗಿ ಅವಳಿಗೆ ಮದುವೆಯಾಗಿ ಬಸಿರು ನಿಂತಾಗ. ಹುಡುಗನದ್ದು ಕಾಣಿಸುವುದು ಬೈಕಿನಿಂದ ಬಿದ್ದಾಗ, ಇಲ್ಲವೆ ಕೊಲ್ಲಿ ದೇಶಕ್ಕೆ ಹೊರಟು ‘ಮೆಡಿಕಲ್’ ಮಾಡಿಸುವಾಗ.

ಈ ಕೊಲ್ಲಿಯ ಮೆಡಿಕಲ್ ವಿಷಯವನ್ನು ಸ್ವಲ್ಪ ಯೋಚಿಸಿ ನೋಡಿ. ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಎಷ್ಟೋ ತರುಣರಿಗೆ ಜೀವಮಾನದಲ್ಲಿ ಮೊದಲ ಬಾರಿಗೆ ರಕ್ತಪರೀಕ್ಷೆ, ಎದೆಯ ಎಕ್ಸ್‌ರೇ ಆಗುವುದು ಅಲ್ಲಿಯೇ. ಕ್ಷಯದ ಹಳೆಯ ಗಾಯದ ಗುರುತು ಎಕ್ಸ್‌ರೇಯಲ್ಲಿ ಕಂಡರೆ, ಕಾಮಾಲೆಯ ಬಿ ಅಥವಾ ಸಿ ವೈರಸ್ ರಕ್ತದಲ್ಲಿ ಸಿಕ್ಕಿದರೆ, ‘ಅನ್‌ಫಿಟ್’ ಎಂದು ಮುದ್ರೆ ಬೀಳುತ್ತದೆ. ಪರೀಕ್ಷೆ ನಡೆಸುವವರ ಕೆಲಸ ಅಲ್ಲಿಗೆ ಮುಗಿಯಿತು. ಆ ಹುಡುಗನಿಗೆ ಮುಂದೆ ಚಿಕಿತ್ಸೆ ಎಲ್ಲಿ, ಯಾರನ್ನು ಕಾಣಬೇಕು ಎಂದು ಹೇಳುವುದು ಅವರ ಹೊಣೆಯಲ್ಲ. ಮನೆಯಲ್ಲಿ ವೀಸಾ ಹೋಯಿತೆಂಬ ದುಃಖವೇ ದೊಡ್ಡದಾಗಿ, ರೋಗದ ಮಾತು ಹಿಂದೆ ಸರಿಯುತ್ತದೆ. ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ಕ್ಷಯಕ್ಕೆ ಪೂರ್ತಿ ಉಚಿತ ಮದ್ದು ಇದೆ ಎಂಬುದು ಆಗ ಯಾರಿಗೂ ನೆನಪಾಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 10ರಿಂದ 19 ವರ್ಷದವರು ಹದಿಹರೆಯದವರು. 15ರಿಂದ 24ರವರು ತರುಣರು. ಇವರು ಆರೋಗ್ಯವಂತರು, ಇವರಿಗೇನು ಆಸ್ಪತ್ರೆ ಎಂಬುದು ನಮ್ಮಲ್ಲಿ ಹಳೆಯ ಮಾತು. ಸಾವಿನ ಲೆಕ್ಕ ನೋಡಿದರೆ ಅದು ಅರ್ಧ ನಿಜವೂ ಹೌದು. ಆದರೆ ಮುಂದೆ ನಲ್ವತ್ತರಲ್ಲಿ ಕಾಡುವ ಕಾಯಿಲೆಗಳಲ್ಲಿ ಎಷ್ಟೋ ಈ ವಯಸ್ಸಿನಲ್ಲೇ ಬೇರುಬಿಡುತ್ತವೆ: ರಕ್ತಹೀನತೆ, ಹೊಗೆಸೊಪ್ಪಿನ ಚಟ, ಮನಸ್ಸಿನ ಕಾಯಿಲೆ. ಆ ಹೊತ್ತಿಗೆ ಆಸ್ಪತ್ರೆಗೆ ಹೋಗುವ ರೂಢಿಯೇ ಇವರಿಗೆ ಇರುವುದಿಲ್ಲ. ಆ ರೂಢಿ ಯಾಕೆ ತಪ್ಪುತ್ತದೆ ಎಂಬುದೇ ಇಂದಿನ ಮಾತಿನ ವಿಷಯ.

ಮೊದಲನೆಯದು ದಾರಿ. ನಮ್ಮ ಜಿಲ್ಲೆಯ ಬಡಗು ಭಾಗದವರಿಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರು. ಇದು ನಿನ್ನೆ ಮೊನ್ನೆಯ ಅಭ್ಯಾಸವಲ್ಲ. 1956ರ ನವೆಂಬರ್ 1ರ ತನಕ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು; ಜಿಲ್ಲಾ ಕೇಂದ್ರ ಮಂಗಳೂರೇ. 1848ರ ವೆನ್ಲಾಕ್ ಆಸ್ಪತ್ರೆ, ಕಂಕನಾಡಿಯಲ್ಲಿ 1880ರಲ್ಲಿ ಆರಂಭವಾದ ಫಾದರ್ ಮುಲ್ಲರ್ ಆಸ್ಪತ್ರೆ — ನಮ್ಮ ಅಜ್ಜ ಅಜ್ಜಿಯರು ಎತ್ತಿನ ಗಾಡಿಯಲ್ಲೂ ದೋಣಿಯಲ್ಲೂ ಹೋಗುತ್ತಿದ್ದ ಜಾಗಗಳು. ಗಡಿರೇಖೆ ಬದಲಾದರೂ ರೋಗಿಗಳ ಕಾಲು ಬದಲಾಗಲಿಲ್ಲ. 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಜಿಲ್ಲೆಗೊಂದು ಸರಕಾರಿ ವೈದ್ಯಕೀಯ ಕಾಲೇಜು ಬೇಕೆಂಬ ಕೂಗಿಗೆ ಉತ್ತರವಾಗಿ ಉಕ್ಕಿನಡ್ಕದಲ್ಲಿ ಶಿಲಾನ್ಯಾಸ ನಡೆದದ್ದು 2013ರ ನವೆಂಬರ್ 30ರಂದು. ಕಲ್ಲು ಹಾಕಿದ ಮೇಲೆ ಕಟ್ಟಡ ಏಳಲು ಎಷ್ಟು ಕಾಲ ಹಿಡಿಯಿತೆಂಬುದನ್ನು ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ನೀವೇ ಕಂಡಿದ್ದೀರಿ.

ಹಾಗಿರುವಾಗ 2020ರ ಮಾರ್ಚ್ ಬಂತು. ಕೊರೋನದ ಭಯದಿಂದ ಕರ್ನಾಟಕ ಸರಕಾರ ಗಡಿ ಮುಚ್ಚಿತು. ತಲಪಾಡಿಯಲ್ಲಿ ತಡೆ ಬಿತ್ತು. ಒಳದಾರಿಗಳಿಗೆ ಮಣ್ಣು ಸುರಿದು ಗುಡ್ಡೆ ಹಾಕಿದರು. ಮಂಗಳೂರಿಗೆ ಹೋಗಲಾಗದೆ ಹತ್ತಕ್ಕೂ ಹೆಚ್ಚು ರೋಗಿಗಳು ತೀರಿಕೊಂಡರೆಂದು ಆಗ ಪತ್ರಿಕೆಗಳು ವರದಿ ಮಾಡಿದವು. ಕೇರಳ ಹೈಕೋರ್ಟು ಏಪ್ರಿಲ್ 1ರಂದು ಆದೇಶ ಕೊಟ್ಟಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಏಪ್ರಿಲ್ 7ರ ಹೊತ್ತಿಗೆ ಎರಡು ರಾಜ್ಯಗಳ ನಡುವೆ ಒಂದು ಒಪ್ಪಂದವಾಯಿತು. ಅದೇ ವಾರ, ಏಪ್ರಿಲ್ 6ರಂದು, ಉಕ್ಕಿನಡ್ಕದ ಕಟ್ಟಡ ಕೊರೋನ ಆಸ್ಪತ್ರೆಯಾಗಿ ತೆರೆಯಿತು. ಅಲ್ಲಿ ಹೊರರೋಗಿ ವಿಭಾಗ ಶುರುವಾದದ್ದು 2022ರ ಜನವರಿಯಲ್ಲಿ, 50 ಎಂ.ಬಿ.ಬಿ.ಎಸ್. ಸೀಟಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಒಪ್ಪಿಗೆ ಸಿಕ್ಕಿದ್ದು 2025ರಲ್ಲಿ.

ಆ ದಿನಗಳಲ್ಲಿ ಎಲ್ಲರ ಬಾಯಲ್ಲಿದ್ದದ್ದು ಡಯಾಲಿಸಿಸ್, ಹೃದಯಾಘಾತ, ಹೆರಿಗೆ. ನ್ಯಾಯವೇ. ಆದರೆ ಅಪಸ್ಮಾರದ ಮಾತ್ರೆ, ಮನೋರೋಗದ ಮಾತ್ರೆ, ಚಿಕ್ಕ ಪ್ರಾಯದ ಸಕ್ಕರೆ ಕಾಯಿಲೆಗೆ ಇನ್ಸುಲಿನ್ — ಇವನ್ನೆಲ್ಲ ಮಂಗಳೂರಿನ ಡಾಕ್ಟರರ ಚೀಟಿಯ ಮೇಲೆ ತಿಂಗಳು ತಿಂಗಳು ತರುತ್ತಿದ್ದ ಮನೆಗಳ ಪಾಡನ್ನು ಊಹಿಸಿ. ಇಂಥ ಮದ್ದು ನಾಲ್ಕು ದಿನ ತಪ್ಪಿದರೂ ತೊಂದರೆ. ಅಂದಿನಿಂದ ಒಂದು ಮಾತನ್ನು ನಾನು ಸಿಕ್ಕಿದಲ್ಲೆಲ್ಲ ಹೇಳುತ್ತಿದ್ದೇನೆ: ದೊಡ್ಡ ಡಾಕ್ಟರರು ಮಂಗಳೂರಿನಲ್ಲೇ ಇರಲಿ, ಆದರೆ ಮಕ್ಕಳ ದೀರ್ಘಕಾಲದ ಮದ್ದಿನ ಚೀಟಿಯನ್ನು ನಿಮ್ಮ ಪಂಚಾಯತಿನ ಕುಟುಂಬ ಆರೋಗ್ಯ ಕೇಂದ್ರದಲ್ಲೂ ತೋರಿಸಿ, ಅಲ್ಲಿ ಬರೆಸಿ ಇಡಿ. ಟೈಪ್ 1 ಸಕ್ಕರೆ ಕಾಯಿಲೆಯ ಮಕ್ಕಳಿಗೆ ಇನ್ಸುಲಿನ್ ಮತ್ತು ಅದರ ಸಲಕರಣೆಗಳನ್ನು ಉಚಿತವಾಗಿ ಕೊಡುವ ‘ಮಿಠಾಯಿ’ ಎಂಬ ಯೋಜನೆ ಕೇರಳದಲ್ಲಿದೆ. ಸಕ್ಕರೆ ಕಾಯಿಲೆಗೆ ಮಿಠಾಯಿ ಎಂದು ಹೆಸರಿಟ್ಟವರು ಯಾರೋ, ಮಕ್ಕಳ ಮನಸ್ಸು ತಿಳಿದವರೇ ಇರಬೇಕು. ಗಡಿಯಾಚೆ ಚಿಕಿತ್ಸೆ ಮಾಡಿಸುವ ಮನೆಗಳಿಗೆ ಈಚೆಯ ಇಂಥ ಯೋಜನೆಗಳ ಸುದ್ದಿ ಮುಟ್ಟುವುದು ಕಷ್ಟ.

ಇನ್ನು ಹತ್ತಿರದಲ್ಲೇ ಇರುವ ಆಸ್ಪತ್ರೆಯ ಮಾತು. ನಮ್ಮ ಕೇಂದ್ರಗಳೆಲ್ಲ ಕೆಟ್ಟವು ಎಂದು ತಿಳಿಯಬೇಡಿ. ಇದೇ ಜಿಲ್ಲೆಯ ಕಯ್ಯೂರಿನ ಕುಟುಂಬ ಆರೋಗ್ಯ ಕೇಂದ್ರ ರಾಷ್ಟ್ರೀಯ ಗುಣಮಟ್ಟದ ತಪಾಸಣೆಯಲ್ಲಿ 99 ಅಂಕ ಪಡೆದು ದೇಶಕ್ಕೇ ಮೊದಲೆನಿಸಿತ್ತು. ಕಯ್ಯೂರಿನಲ್ಲಿ ಆದದ್ದು ಎಣ್ಮಕಜೆಯಲ್ಲೋ ವರ್ಕಾಡಿಯಲ್ಲೋ ಆಗಬಾರದೆಂಬ ನಿಯಮವೇನೂ ಇಲ್ಲ.

ಹದಿಹರೆಯದವರಿಗಾಗಿಯೇ ಒಂದು ಕಾರ್ಯಕ್ರಮ ಇದೆ ಎಂದರೆ ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? 2014ರ ಜನವರಿ 7ರಂದು ಕೇಂದ್ರ ಸರಕಾರ ‘ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ’ವನ್ನು ಆರಂಭಿಸಿತು. 10ರಿಂದ 19 ವರ್ಷದ ಹುಡುಗ ಹುಡುಗಿಯರು, ಶಾಲೆಗೆ ಹೋಗುವವರು, ಬಿಟ್ಟವರು, ಮದುವೆಯಾದವರು, ಆಗದವರು, ಎಲ್ಲರೂ ಅದರೊಳಗೆ ಬರುತ್ತಾರೆ. ಆಹಾರ, ದೇಹದ ಬೆಳವಣಿಗೆ ಮತ್ತು ಲೈಂಗಿಕ ಆರೋಗ್ಯ, ಮನಸ್ಸು, ಪೆಟ್ಟು ಮತ್ತು ಹಿಂಸೆ, ಅಮಲು ಪದಾರ್ಥ, ಮುಂದೆ ಬರಬಹುದಾದ ಬಿ.ಪಿ., ಸಕ್ಕರೆಯಂಥ ಕಾಯಿಲೆ, ಹೀಗೆ ಆರು ವಿಷಯ. ಅದರ ಅಂಗವಾಗಿ ಆಸ್ಪತ್ರೆಗಳಲ್ಲಿ ಹದಿಹರೆಯದವರ ಸ್ನೇಹಿ ಕ್ಲಿನಿಕ್ ಇರಬೇಕು: ಬೇರೆ ಸಮಯ ಅಥವಾ ಬೇರೆ ಕೋಣೆ, ಮಾತಾಡಲು ಒಬ್ಬ ಆಪ್ತ ಸಲಹೆಗಾರರು, ಹೇಳಿದ್ದು ಹೊರಗೆ ಹೋಗದೆಂಬ ಭರವಸೆ. ಗಡಿಯಾಚೆ ಕರ್ನಾಟಕದಲ್ಲಿ ಇದನ್ನು ‘ಸ್ನೇಹ ಕ್ಲಿನಿಕ್’ ಎನ್ನುತ್ತಾರೆ. ಕಾಗದದ ಮೇಲೆ ಎಲ್ಲವೂ ಚೆನ್ನಾಗಿದೆ. ಆದರೆ ಆ ಕೋಣೆಯ ಬಾಗಿಲಲ್ಲಿ ಏನು ಬರೆದಿದೆ, ಯಾವ ಭಾಷೆಯಲ್ಲಿ ಬರೆದಿದೆ, ಎಷ್ಟು ಗಂಟೆಗೆ ತೆರೆದಿರುತ್ತದೆ? ಶಾಲೆ ಇರುವ ಹೊತ್ತಿನಲ್ಲೇ ಕ್ಲಿನಿಕ್ಕೂ ಇದ್ದರೆ ಶಾಲೆಯ ಮಕ್ಕಳು ಹೋಗುವುದು ಹೇಗೆ?

ಕಾರ್ಯಕ್ರಮದ ಒಂದು ಅಂಗವನ್ನಾದರೂ ನಮ್ಮ ಮಕ್ಕಳೆಲ್ಲ ಕಂಡಿದ್ದಾರೆ: ವಾರಕ್ಕೊಂದು ನೀಲಿ ಮಾತ್ರೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಶಾಲೆಯ ಹಿಂದಿನ ಪೊದೆಯಲ್ಲಿ ಅತಿ ಹೆಚ್ಚು ಸಿಗುವ ಮದ್ದು ಇದೇ! ಅದರಲ್ಲಿರುವುದು 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಆರನೇ ತರಗತಿಯಿಂದ ಪ್ಲಸ್ ಟು ತನಕದ ಮಕ್ಕಳಿಗೆ, ಹುಡುಗರಿಗೂ ಹುಡುಗಿಯರಿಗೂ, ಶಾಲೆಯಲ್ಲಿ ಕೊಡುತ್ತಾರೆ. ಶಾಲೆ ಬಿಟ್ಟ ಹುಡುಗಿಯರಿಗೆ ಅಂಗನವಾಡಿಯಲ್ಲಿ. ಮಕ್ಕಳು ಎಸೆಯುವುದು ಯಾಕೆಂದರೆ, ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಓಕರಿಕೆ ಬರುತ್ತದೆ, ಮರುದಿನ ಮಲ ಕಪ್ಪಾಗುತ್ತದೆ. ಕಪ್ಪು ಕಂಡು ಹೆದರಿದ ತಾಯಂದಿರು ‘ಆ ಗುಳಿಗೆ ಬೇಡ’ ಎಂದುಬಿಡುತ್ತಾರೆ. ದೇಹ ಹೀರಿಕೊಂಡು ಉಳಿದ ಕಬ್ಬಿಣ ಹೊರಗೆ ಹೋಗುವ ಬಣ್ಣ ಅದು, ರಕ್ತವಲ್ಲ, ವಿಷವಲ್ಲ. ಮಧ್ಯಾಹ್ನದ ಊಟದ ನಂತರ ನುಂಗಿದರೆ ಓಕರಿಕೆಯೂ ಕಡಿಮೆ.

ಹದಿಹರೆಯದ ಹುಡುಗಿಗೆ ತಿಂಗಳು ತಿಂಗಳೂ ರಕ್ತ ಹೋಗುತ್ತದೆ, ಅದೇ ಹೊತ್ತಿಗೆ ಮೈ ಬೆಳೆಯುತ್ತಿರುತ್ತದೆ. ಎರಡಕ್ಕೂ ಕಬ್ಬಿಣ ಬೇಕು. ರಕ್ತದ ಹಿಮೋಗ್ಲೋಬಿನ್ 12 ಗ್ರಾಮಿಗಿಂತ ಕಡಿಮೆಯಾದರೆ ಅವಳಿಗೆ ರಕ್ತಹೀನತೆ ಇದೆ ಎಂದು ಅರ್ಥ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ಇದು ಇದೆ. ಆರೋಗ್ಯದಲ್ಲಿ ಮುಂದಿದೆ ಎನ್ನುವ ಕೇರಳದಲ್ಲೂ 15ರಿಂದ 49ರ ಹೆಂಗಸರಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು. ಲಕ್ಷಣ ಏನು? ಗುಡ್ಡ ಹತ್ತುವಾಗ ಏದುಸಿರು, ತಲೆಸುತ್ತು, ಓದಿದ್ದು ತಲೆಗೆ ಹತ್ತದಿರುವುದು, ಕೆಲವರಿಗೆ ಮಣ್ಣು, ಅಕ್ಕಿ ತಿನ್ನುವ ಬಯಕೆ. ನಾವು ಇದಕ್ಕೆ ಇಟ್ಟ ಹೆಸರು ‘ಸೋಮಾರಿತನ’. ರಕ್ತಹೀನತೆ ಇದೆ ಎಂದು ಗೊತ್ತಾದರೆ ವಾರಕ್ಕೊಂದು ಮಾತ್ರೆ ಸಾಲದು. ಡಾಕ್ಟರರು ದಿನನಿತ್ಯದ ಮಾತ್ರೆ ಕೊಡುತ್ತಾರೆ, ಅದನ್ನು ತಿಂಗಳುಗಟ್ಟಲೆ ತಪ್ಪದೆ ತೆಗೆದುಕೊಳ್ಳಬೇಕು. ಬೂತಾಯಿ, ಬಂಗುಡೆ, ಹುರುಳಿ, ಹರಿವೆ, ನುಗ್ಗೆಸೊಪ್ಪು, ಜೊತೆಗೆ ಲಿಂಬೆ ಅಥವಾ ನೆಲ್ಲಿಕಾಯಿ ಇರಲಿ. ಊಟದ ಬೆನ್ನಿಗೇ ಚಹಾ ಕುಡಿಯುವ ನಮ್ಮ ಅಭ್ಯಾಸ ಕಬ್ಬಿಣಕ್ಕೆ ಶತ್ರು. ಒಂದು ಗಂಟೆ ತಡೆಯಿರಿ.

ಈಗ ಭಾಷೆಯ ವಿಚಾರ. ನಮಗೆ ಮಲಯಾಳ ಬಾರದು ಎಂದು ಯಾರೂ ಹೇಳಲಾರರು. ಮೀನು ಕೊಳ್ಳಲು, ಬಸ್ಸಿನಲ್ಲಿ ಚಿಲ್ಲರೆಗೆ ಜಗಳವಾಡಲು, ಸಿನೆಮ ನೋಡಿ ನಗಲು ಬೇಕಾದಷ್ಟು ಬರುತ್ತದೆ. ಆದರೆ ಪೇಟೆಯ ಮಲಯಾಳ ಬೇರೆ, ಹೊಟ್ಟೆನೋವಿನ ಮಲಯಾಳ ಬೇರೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಹೊರಗೆ ಮಲಯಾಳ ಎಂದು ಬೆಳೆದ ಹದಿನಾಲ್ಕರ ಹುಡುಗಿ, ತೆಂಕಣ ಜಿಲ್ಲೆಯೊಂದರಿಂದ ವರ್ಗವಾಗಿ ಬಂದ ಡಾಕ್ಟರರ ಮುಂದೆ ಕೂತಿದ್ದಾಳೆ ಎಂದುಕೊಳ್ಳಿ. ಡಾಕ್ಟರರು ಒಳ್ಳೆಯವರೇ. ‘ಪನಿಯುಂಡೋ?’ ಎಂದು ಕೇಳುತ್ತಾರೆ. ಪನಿ ಎಂದರೆ ಅವಳಿಗೆ ಮಳೆಯ ಹನಿ, ಅವರಿಗೆ ಜ್ವರ. ಇದೊಂದು ನಮಗೆಲ್ಲ ಬೇಗ ಅಭ್ಯಾಸವಾಗುತ್ತದೆ, ಬಿಡಿ. ‘ಭಕ್ಷಣತ್ತಿನು ಶೇಷಂ’ ಎನ್ನುತ್ತಾರೆ, ಅಂದರೆ ಊಟವಾದ ಮೇಲೆ. ಕನ್ನಡದಲ್ಲಿ ಲೆಕ್ಕ ಕಲಿತ ಮಗುವಿಗೆ ಶೇಷ ಎಂದರೆ ಭಾಗಾಕಾರದಲ್ಲಿ ಉಳಿದದ್ದು. ‘ಮೂನ್ನು ನೇರಂ’ ಎಂದರೆ ಮೂರು ಹೊತ್ತು. ನಮ್ಮ ನೇರ ಬೇರೆಯೇ. ‘ಆಳ್ಚಯಿಲ್ ಒರಿಕ್ಕಲ್’ — ವಾರಕ್ಕೊಮ್ಮೆ — ಎಂದದ್ದನ್ನು ಸರಿಯಾಗಿ ಕೇಳಿಸಿಕೊಳ್ಳದೆ ದಿನಕ್ಕೊಮ್ಮೆ ನುಂಗಿದರೆ? ಕೆಲವು ಮಾತ್ರೆಗಳಲ್ಲಿ ಅದು ಹೊಟ್ಟೆಯುರಿಯಲ್ಲಿ ಮುಗಿಯುತ್ತದೆ, ಕೆಲವದರಲ್ಲಿ ಮುಗಿಯುವುದಿಲ್ಲ.

ಇನ್ನೂ ಒಂದು ಇದೆ. ಮಲಯಾಳದಲ್ಲಿ ‘ವಿಷಮಂ’ ಎಂದರೆ ಮನಸ್ಸಿನ ಬೇಸರ, ಸಂಕಟ. ಮಗು ಮಂಕಾಗಿ ಕೂತದ್ದನ್ನು ಕಂಡು ಅಕ್ಕರೆಯಿಂದಲೇ ‘ಎಂದೆಂಗಿಲುಂ ವಿಷಮಂ ಉಂಡೋ?’ ಎಂದು ಕೇಳುತ್ತಾರೆ. ಕನ್ನಡದ ಕಿವಿಗೆ ಅದರಲ್ಲಿ ಕೇಳಿಸುವುದು ವಿಷ, ಉಂಡದ್ದು! ನಗು ಬರುತ್ತದೆ, ಆದರೆ ಮನಸ್ಸು ಬಿಚ್ಚಲು ಬಂದ ಮಗು ಆ ಪ್ರಶ್ನೆಗೆ ಬೆಚ್ಚಿ ‘ಇಲ್ಲ’ ಎಂದರೆ ನಗುವಂಥದ್ದಲ್ಲ.

ಹೀಗೆ ಆದಾಗ ಏನು ಮಾಡುತ್ತೇವೆ? ಮಲಯಾಳ ಬಲ್ಲ ಒಬ್ಬರನ್ನು ಜೊತೆಗೆ ಕಳುಹಿಸುತ್ತೇವೆ. ನೆರೆಮನೆಯ ಅಕ್ಕ, ಚಿಕ್ಕಪ್ಪನ ಮಗ, ರಿಕ್ಷಾದ ಅಣ್ಣ. ಅಲ್ಲಿಗೆ ಭಾಷೆಯ ತೊಂದರೆ ಗುಟ್ಟಿನ ತೊಂದರೆಯಾಯಿತು. ಮುಟ್ಟು ನಾಲ್ಕು ತಿಂಗಳಿಂದ ಆಗಿಲ್ಲ, ಬಿಳಿ ಹೋಗುತ್ತದೆ, ರಾತ್ರಿ ನಿದ್ದೆ ಬರುವುದಿಲ್ಲ, ಯಾರೋ ಮೈಮುಟ್ಟಿದರು, ಇಂಥ ಮಾತನ್ನು ಚಿಕ್ಕಪ್ಪನ ಮಗನ ಬಾಯಿಂದ ಡಾಕ್ಟರರಿಗೆ ಹೇಳಿಸುವ ಹುಡುಗಿ ಯಾರಿದ್ದಾಳೆ? ಅವಳು ‘ತಲೆನೋವು’ ಎನ್ನುತ್ತಾಳೆ. ತಲೆನೋವಿನ ಮಾತ್ರೆ ತೆಗೆದುಕೊಂಡು ಬರುತ್ತಾಳೆ. ಕನ್ನಡ ಮಾಧ್ಯಮ ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರೇ ಬೇಕೆಂದು ನಮ್ಮವರು ಎಷ್ಟೋ ಸಲ ಬೀದಿಗಿಳಿದಿದ್ದಾರೆ. ಅದು ಸರಿ. ಕನ್ನಡ ಬಲ್ಲ ಆಪ್ತ ಸಲಹೆಗಾರರು ಬೇಕೆಂದು ಅದೇ ದನಿಯಲ್ಲಿ ಕೇಳಿದ್ದನ್ನು ಮಾತ್ರ ನಾನು ಕಂಡಿಲ್ಲ. ಪಾಠ ಅರ್ಥವಾಗದಿದ್ದರೆ ಅಂಕ ಹೋದೀತು. ಇಲ್ಲಿ ಹೋಗುವುದು ಅಂಕವಲ್ಲ.

ಅದು ಬರುವ ತನಕ ಮನೆಯಲ್ಲೇ ಮಾಡಬಹುದಾದ ಒಂದೆರಡು ಉಪಾಯ. ಮಗು ತನ್ನ ತೊಂದರೆಯನ್ನು ಕನ್ನಡದಲ್ಲೇ ಒಂದು ಕಾಗದದಲ್ಲಿ ಬರೆಯಲಿ. ಎಂದಿನಿಂದ, ದಿನಕ್ಕೆ ಎಷ್ಟು ಸಲ, ಕೊನೆಯ ಮುಟ್ಟಿನ ತಾರೀಕು, ಈಗ ತೆಗೆದುಕೊಳ್ಳುವ ಮದ್ದು. ತಾರೀಕು, ಅಂಕೆಗಳು ಎಲ್ಲ ಭಾಷೆಗೂ ಒಂದೇ. ಕೇಂದ್ರದಲ್ಲಿ ಕನ್ನಡ ಅಥವಾ ತುಳು ಬಲ್ಲ ನರ್ಸಮ್ಮ ಒಬ್ಬರಾದರೂ ಇರುತ್ತಾರೆಯೇ ಎಂದು ಮೊದಲೇ ವಿಚಾರಿಸಿ, ಅವರಿರುವ ದಿನ ಹೋಗಲಿ. ಹೇಳಿದ್ದನ್ನು ಗುಟ್ಟಾಗಿಡುವುದು ಅವರ ಕೆಲಸದ ಭಾಗ, ನೆರೆಮನೆಯವರಿಗೆ ಆ ಕಟ್ಟುಪಾಡಿಲ್ಲ. ಮದ್ದಿನ ಲಕೋಟೆಯಲ್ಲಿ 1–0–1 ಎಂದು ಬರೆದಿದ್ದರೆ ಬೆಳಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂದರ್ಥ. ಬರೆಯದಿದ್ದರೆ ಹಾಗೆ ಬರೆದುಕೊಡಿ ಎಂದು ಕೇಳಲು ಸಂಕೋಚ ಬೇಡ.

ಗುಟ್ಟಿನ ಮಾತು ಬಂತು. ನಮ್ಮ ಹಳ್ಳಿಯ ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಮಾವನ ಮನೆಯವರೂ ಸಿಗುತ್ತಾರೆ, ಮಾಸ್ಟರರೂ ಸಿಗುತ್ತಾರೆ. ‘ಏನು ಮಗಾ, ಏನಾಯ್ತು?’ ಎಂಬ ಪ್ರಶ್ನೆ ಪ್ರೀತಿಯದ್ದೇ. ಆದರೆ ಆ ಒಂದು ಪ್ರಶ್ನೆಗೆ ಹೆದರಿ ಮೆಡಿಕಲ್ ಅಂಗಡಿಯಿಂದ ಮಾತ್ರೆ ತಂದು ನುಂಗುವ ಮಕ್ಕಳಿದ್ದಾರೆ. ದೊಡ್ಡವರಾದ ನಮಗೆ ಇದರಲ್ಲಿ ಮಾಡಲಿಕ್ಕಿರುವುದು ಸಣ್ಣದು: ಆಸ್ಪತ್ರೆಯ ಅಂಗಳದಲ್ಲಿ ಕಂಡ ಮಗುವನ್ನು ಏನೂ ಕೇಳದೆ, ಬೇಕಾದರೆ ಮಳೆ ಬೆಳೆಯ ಮಾತಾಡಿ ಕಳುಹಿಸುವುದು.

18 ತುಂಬದವರ ಶಸ್ತ್ರಚಿಕಿತ್ಸೆಯಂಥದ್ದಕ್ಕೆ ತಂದೆತಾಯಿಯ ರುಜು ಬೇಕು. ಆದರೆ ಸಲಹೆ ಕೇಳಲು, ಮಾತಾಡಲು ಯಾರ ರುಜುವೂ ಬೇಡ. ತಾಯಿ ಜೊತೆಗೆ ಹೋದರೂ ಐದು ನಿಮಿಷ ಹೊರಗೆ ಕೂತು ಮಗುವನ್ನು ಒಬ್ಬಳನ್ನೇ ಮಾತಾಡಲು ಬಿಡುವುದು ಒಳ್ಳೆಯದು. ಇನ್ನೊಂದು ಕಹಿ ವಿಷಯವನ್ನೂ ಹೇಳದೆ ಇರಬಾರದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೋ ಕಾಯ್ದೆಯಂತೆ ವಿಷಯ ತಿಳಿದವರೆಲ್ಲ ಪೊಲೀಸರಿಗೆ ತಿಳಿಸಲೇಬೇಕು, ಡಾಕ್ಟರರೂ ಸೇರಿ. ಆದರೆ ಚಿಕಿತ್ಸೆಗೆ ದೂರು ದಾಖಲಾಗುವ ತನಕ ಕಾಯಬೇಕಾಗಿಲ್ಲ, ಮೊದಲು ಆಸ್ಪತ್ರೆ. ಹೆಸರು ಹೊರಬೀಳುತ್ತದೆ ಎಂಬ ಭಯದಿಂದ ಮನೆಯವರು ಮಗುವನ್ನು ಆಸ್ಪತ್ರೆಗೇ ಕರೆದೊಯ್ಯದೆ ಇರುವುದುಂಟು. ಮಗುವಿನ ಗುರುತು ಪತ್ರಿಕೆಯಲ್ಲಿ ಬರಬಾರದೆಂದು ಕಾಯ್ದೆಯೇ ಹೇಳುತ್ತದೆ. ಗರ್ಭಪಾತದ ಸಂದರ್ಭದಲ್ಲಿ ಅಪ್ರಾಪ್ತ ಹುಡುಗಿಯಾಗಲಿ ಅವಳ ಪೋಷಕರಾಗಲಿ ಕೇಳಿಕೊಂಡರೆ, ಡಾಕ್ಟರರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲೂ ಅವಳ ಹೆಸರು, ಗುರುತು ಕೊಡಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟು 2022ರ ಸೆಪ್ಟೆಂಬರ್ 29ರಂದು ಸ್ಪಷ್ಟಪಡಿಸಿದೆ. ಮಕ್ಕಳ ಸಹಾಯವಾಣಿ 1098 ಯಾವ ಫೋನಿನಿಂದಲೂ ಉಚಿತ.

ಮನಸ್ಸಿನ ಕಾಯಿಲೆಗೆ ನಮ್ಮಲ್ಲಿ ಮೊದಲ ಡಾಕ್ಟರು ಯಾರೆಂದು ನಿಮಗೇ ಗೊತ್ತು. ದೈವದ ಮುಂದೆ ಹರಕೆ ಹೊತ್ತುಕೊಳ್ಳುವುದನ್ನೋ ತಂಙಳರಲ್ಲಿ ನೂಲು ಕಟ್ಟಿಸುವುದನ್ನೋ ನಾನು ಬೇಡ ಎನ್ನುವುದಿಲ್ಲ. ಮನೆಯವರ ಧೈರ್ಯಕ್ಕೆ ಅದೂ ಬೇಕಾದೀತು. ಹರಕೆಯ ಜೊತೆಗೆ ಡಾಕ್ಟರರನ್ನೂ ಕಾಣಿ, ಹರಕೆ ತೀರುವ ತನಕ ಕಾಯಬೇಡಿ ಎಂದಷ್ಟೇ ನನ್ನ ಮಾತು. ಊಟ, ಆಟ, ಗೆಳೆಯರು ಎಲ್ಲದರ ಮೇಲೂ ಎರಡು ವಾರಕ್ಕಿಂತ ಹೆಚ್ಚು ಆಸಕ್ತಿ ಕಳೆದುಕೊಂಡ ಮಗು, ‘ನಾನಿಲ್ಲದಿದ್ದರೆ ನಿಮಗೆ ಸುಖ’ ಎಂದ ಮಗು ತಮಾಷೆ ಮಾಡುತ್ತಿದೆ ಎಂದು ಬಿಟ್ಟುಬಿಡಬಾರದು. ಭಾರತದಲ್ಲಿ 15ರಿಂದ 29ರ ಪ್ರಾಯದವರ ಸಾವಿನ ಮುಖ್ಯ ಕಾರಣಗಳಲ್ಲಿ ಆತ್ಮಹತ್ಯೆ ಒಂದು. ‘ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸಾಗುತ್ತದೆ’ ಎಂಬ ಹಳೆಯ ಹೆದರಿಕೆಯಿಂದ ವಿಷ ಕುಡಿದವರನ್ನೂ ಮನೆಯಲ್ಲೇ ಇಟ್ಟುಕೊಂಡ ಕಾಲವಿತ್ತು. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಕಾಯ್ದೆ ಹಾಗೆ ಯತ್ನಿಸಿದವರನ್ನು ತೀವ್ರ ಸಂಕಟದಲ್ಲಿದ್ದವರೆಂದೇ ನೋಡಬೇಕು, ಶಿಕ್ಷಿಸಬಾರದು ಎಂದಿತು. ಶಿಕ್ಷೆ ವಿಧಿಸುತ್ತಿದ್ದ ಹಳೆಯ ದಂಡಸಂಹಿತೆಯ ಕಲಮು 2024ರ ಜುಲೈಯಲ್ಲಿ ಬಂದ ಹೊಸ ಸಂಹಿತೆಯಲ್ಲಿ ಇಲ್ಲವೇ ಇಲ್ಲ. 14416 ಎಂಬ ಸಂಖ್ಯೆಗೆ ಹಗಲು ರಾತ್ರಿ ಯಾವ ಹೊತ್ತಿಗೂ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಈ ಸೇವೆಯಲ್ಲಿ ಭಾಷೆ ಆರಿಸಿಕೊಳ್ಳುವ ಅವಕಾಶವಿದೆ, ಕನ್ನಡವೂ ಇದೆ. ಚಿಕ್ಕಪ್ಪನ ಮಗನ ಅಗತ್ಯವಿಲ್ಲ. ಕೇರಳದ ‘ದಿಶಾ’ ಆರೋಗ್ಯ ಸಹಾಯವಾಣಿಯ ಸಂಖ್ಯೆ 1056.

ಈ ಜಿಲ್ಲೆಯ ತರುಣರ ಆರೋಗ್ಯದ ಮಾತು ಎತ್ತಿ ಎಂಡೋಸಲ್ಫಾನ್ ಹೆಸರು ಹೇಳದೆ ಮುಗಿಸಲು ಬರುವುದಿಲ್ಲ. ಎಪ್ಪತ್ತರ ದಶಕದ ಕೊನೆಯಿಂದ 2000ದ ತನಕ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಆ ವಿಷದ ಕಥೆ ನಿಮಗೆ ಹೇಳಬೇಕಾಗಿಲ್ಲ. ಎಣ್ಮಕಜೆಯ ಪಡ್ರೆಯಲ್ಲಿ ಮಕ್ಕಳ ಕಾಯಿಲೆಗಳಲ್ಲಿ ಏನೋ ವಿಚಿತ್ರವಿದೆ ಎಂದು ಮೊದಲು ಗುರುತಿಸಿ ಬರೆದವರು ಅಲ್ಲಿಯ ವೈದ್ಯ ಡಾ. ವೈ. ಎಸ್. ಮೋಹನಕುಮಾರ್, ಅದನ್ನು ಹೊರಜಗತ್ತಿಗೆ ಮುಟ್ಟಿಸಿದವರಲ್ಲಿ ಪತ್ರಕರ್ತ ಶ್ರೀಪಡ್ರೆಯವರು ಮುಖ್ಯರು. ದೊಡ್ಡ ಆಸ್ಪತ್ರೆಯೊಂದರ ಸಂಶೋಧನೆಯಲ್ಲ, ಹಳ್ಳಿಯ ಒಬ್ಬ ಡಾಕ್ಟರರ ಕಣ್ಣು ಮೊದಲು ಕಂಡಿತು ಎಂಬುದನ್ನು ಗಮನಿಸಿ. ಸುಪ್ರೀಂ ಕೋರ್ಟು 2011ರ ಮೇ 13ರಂದು ದೇಶದಾದ್ಯಂತ ಅದನ್ನು ತಡೆಯಿತು. 2017ರ ಜನವರಿ 10ರಂದು ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದಿತು. ಐದು ವರ್ಷ ಕಳೆದರೂ ಹಣ ಮುಟ್ಟದವರು ಮತ್ತೆ ಕೋರ್ಟಿಗೆ ಹೋಗಬೇಕಾಯಿತು.

ಸಂತ್ರಸ್ತರ ಪಟ್ಟಿಯಲ್ಲಿರುವವರು ಆರು ಸಾವಿರಕ್ಕೂ ಹೆಚ್ಚು. ಫೋಟೋಗಳಲ್ಲಿ ನಾವು ಕಂಡ ಆ ಮಕ್ಕಳಲ್ಲಿ ಬದುಕುಳಿದವರು ಈಗ ಮಕ್ಕಳಲ್ಲ. ಇಪ್ಪತ್ತೈದು, ಮೂವತ್ತು ದಾಟಿದವರು. ಪಂಚಾಯತುಗಳ ಬಡ್ಸ್ ಶಾಲೆ 18ರ ತನಕ. ಆಮೇಲೆ ಬಡ್ಸ್ ಪುನರ್ವಸತಿ ಕೇಂದ್ರ, ಅದು ಹತ್ತಿರ ಇದ್ದವರಿಗೆ. ಎತ್ತಿ ಆಡಿಸಬಹುದಾಗಿದ್ದ ಮಗು ಈಗ ತಾಯಿಗಿಂತ ಭಾರ. ಆ ತಾಯಿಗೆ ಅರುವತ್ತು. ತನ್ನ ಮೈ ತಾನು ನೋಡಿಕೊಳ್ಳಲಾರದ ಬೆಳೆದ ಮಗಳ ಮುಟ್ಟಿನ ದಿನಗಳನ್ನು ಆಕೆ ಒಬ್ಬಳೇ ನಿಭಾಯಿಸುತ್ತಾಳೆ. ಇಂಥ ಮನೆಗೆ ಬೇಕಾದದ್ದು ವರ್ಷಕ್ಕೊಮ್ಮೆಯ ಶಿಬಿರವಲ್ಲ. ತಿಂಗಳಿಗೊಮ್ಮೆಯಾದರೂ ಅಂಗಳಕ್ಕೆ ಬರುವ ನರ್ಸು, ಮನೆಯಲ್ಲೇ ಕೈಕಾಲು ಆಡಿಸಿ ತೋರಿಸುವ ಫಿಸಿಯೋಥೆರಪಿಸ್ಟು. ಜೊತೆಗೆ ಅದೇ ಮನೆಯ ಇನ್ನೊಂದು ಮಗು, ಕಾಯಿಲೆಯಿಲ್ಲದ್ದು, ಅಕ್ಕನಿಗೋ ಅಣ್ಣನಿಗೋ ಊಟ ಉಣಿಸಿ ಶಾಲೆಗೆ ಓಡುವುದು. ಅದರ ಮನಸ್ಸನ್ನು ಕೇಳಿದವರು ಕಡಿಮೆ. ಕೊರಗರ ವಾಸಸ್ಥಾನಗಳಲ್ಲಿ ದಾರಿ ದೂರವಿದ್ದರೂ ಕಡಿಮೆಯಿದ್ದರೂ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವ ಸಂಕೋಚವೇ ದೊಡ್ಡ ದೂರವಾಗಿರುವುದೂ ಇದೇ ಜಾತಿಯ ತೊಂದರೆ. ಅದಕ್ಕೆ ಬೇರೆಯೇ ಒಂದು ಹೊತ್ತು ಬೇಕು.

ಕೊನೆಗೆ, ಯಾರನ್ನು ಕೇಳಬೇಕು? 1995–96ರಿಂದ ಕೇರಳದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಗ್ರಾಮ ಪಂಚಾಯತಿನ ಕೈಯಲ್ಲಿವೆ. ತಿರುವನಂತಪುರದ ತನಕ ಹೋಗಬೇಕಾಗಿಲ್ಲ. ನಿಮ್ಮ ಪಂಚಾಯತು ಅಧ್ಯಕ್ಷರು ಇರುವ ಆಸ್ಪತ್ರೆ ಆಡಳಿತ ಸಮಿತಿಯೇ ಒ.ಪಿ. ಸಮಯ, ಬೋರ್ಡು, ಕೋಣೆಯಂಥ ವಿಷಯಗಳನ್ನು ಚರ್ಚಿಸುವ ಜಾಗ. ಗ್ರಾಮಸಭೆಗೆ ಹದಿನೆಂಟು ತುಂಬಿದ ಮಕ್ಕಳನ್ನೂ ಕರೆದುಕೊಂಡು ಹೋಗಿ. ಅವರಿಗೂ ಅಲ್ಲಿ ಮಾತಾಡುವ ಹಕ್ಕಿದೆ.

ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಅಹವಾಲು ಸಲ್ಲಿಸಬಹುದೆಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಬರೆಯುವ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕನ್ನು ಕೇರಳ ವಿಧಾನಸಭೆ ಕಾಯ್ದೆಯ ಮೂಲಕ ಮಾನ್ಯ ಮಾಡಿತ್ತು. ಉದ್ದ ಬರೆಯುವುದು ಬೇಡ. ಹದಿಹರೆಯದವರ ಕ್ಲಿನಿಕ್ ಇದೆಯೇ, ಯಾವ ದಿನ, ಎಷ್ಟು ಗಂಟೆಗೆ ಎಂದು ಕೇಳಿ; ಶನಿವಾರ ಅಥವಾ ಶಾಲೆ ಬಿಟ್ಟ ಮೇಲಿನ ಒಂದು ಗಂಟೆ ಇಡಬಹುದೇ ಎಂದು ಕೇಳಿ; ತಿಂಗಳಿಗೆ ಎರಡು ದಿನವಾದರೂ ಕನ್ನಡ, ತುಳು ಬಲ್ಲ ಸಲಹೆಗಾರರು ಬರಬಹುದೇ ಎಂದು ಕೇಳಿ. ಊರ ಹತ್ತು ಮನೆಯವರ ರುಜು ಇರಲಿ. ಎರಡು ಪ್ರತಿ ಮಾಡಿ, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಕಚೇರಿಯ ಮೊಹರು ಮತ್ತು ತಾರೀಕು ಹಾಕಿಸಿಕೊಂಡು ಮನೆಯಲ್ಲಿಡಿ. ಮುಂದಿನ ಗ್ರಾಮಸಭೆಗೆ ಹೋಗುವಾಗ ಆ ಪ್ರತಿ ಕೈಯಲ್ಲಿರಬೇಕು.